ಮನೆಯಲ್ಲಿದ್ದವಳ ಲೆಕ್ಕ ಯಾರ ಪುಸ್ತಕದಲ್ಲಿದೆ?

ನಾನು ತೀರ್ಥಹಳ್ಳಿ ಕಡೆಯವನು. ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಹನ್ನೊಂದು ವರ್ಷವಾಯ್ತು. ಹೋದ ತಿಂಗಳು ನನ್ನ ಹೆಂಡತಿಯ ಹೆಸರಿಗೆ ಇಲ್ಲಿನ ಪಿಂಚಣಿ ಕಚೇರಿಯಿಂದ ಒಂದು ಪತ್ರ ಬಂತು. ಇಬ್ಬರು ಮಕ್ಕಳಿಗೆ ತಲಾ 36 ತಿಂಗಳಂತೆ 72 ತಿಂಗಳು ಅವಳ ಖಾತೆಗೆ ಜಮಾ ಆಗಿದೆ ಅಂತ. ಆ ಆರು ವರ್ಷ ಅವಳು ಯಾವ ಆಫೀಸಿಗೂ ಹೋಗಿಲ್ಲ, ಮಕ್ಕಳನ್ನು ನೋಡಿಕೊಂಡು ಮನೆಯಲ್ಲೇ ಇದ್ದಳು. ಇಲ್ಲಿ 1992ರಿಂದೀಚೆಗೆ ಹುಟ್ಟಿದ ಒಂದೊಂದು ಮಗುವಿಗೂ ಮೂರು ವರ್ಷ ಹೀಗೆ ಲೆಕ್ಕಕ್ಕೆ ಸಿಗುತ್ತದೆ. ಸರಾಸರಿ ಸಂಬಳದವರು ಅಷ್ಟು ದಿನ ದುಡಿದು ಕಟ್ಟಿದ್ದಕ್ಕೆ ಅದು ಹೆಚ್ಚುಕಡಿಮೆ ಸಮ.

ಪತ್ರ ಓದುವಾಗ ಊರಿನ ಚಿಕ್ಕಮ್ಮ ನೆನಪಾದರು. ಕೊಯ್ಲು ಶುರುವಾದರೆ ರಾತ್ರಿ ಹನ್ನೊಂದರವರೆಗೂ ಮೆಟ್ಟುಕತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಯುಗಾದಿ ಬಂದರೂ ಹೆಬ್ಬೆರಳಿನ ಕಪ್ಪು ಹೋಗುತ್ತಿರಲಿಲ್ಲ. ಅಡಿಕೆ ಮಾರುವ ಮಂಡಿಯ ಲೆಕ್ಕದ ಪಟ್ಟಿ ಮಾತ್ರ ಚಿಕ್ಕಪ್ಪನ ಹೆಸರಿಗೆ. ಪಹಣಿ, ಬ್ಯಾಂಕ್ ಖಾತೆ ಎಲ್ಲವೂ ಹಾಗೇ. ಚಿಕ್ಕಪ್ಪ ಇದ್ದಕ್ಕಿದ್ದಂತೆ ತೀರಿಕೊಂಡಾಗ ನೋಡಿದರೆ ಖಾತೆಗೆ ನಾಮಿನಿಯೂ ಇಲ್ಲ. "ನಂಗೆ ಬ್ಯಾಂಕಿನ ಬಾಗ್ಲೇ ಗೊತ್ತಿಲ್ಲ ಮಾರಾಯ, ಎಲ್ಲ ಅವ್ರೇ ನೋಡ್ಕಳ್ತಿದ್ರು" ಅಂದರು. ಹದಿಮೂರನೇ ದಿನದ ಖರ್ಚಿಗೆ ಓಲೆ ಅಡವಿಟ್ಟರು. ಮರಣ ಪತ್ರ, ವಂಶವೃಕ್ಷ, ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಅಂತ ಏಳು ತಿಂಗಳು ಬಸ್ಸು ಹತ್ತಿ ಇಳಿದರು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡನ ಆಸ್ತಿಯಲ್ಲಿ ಹೆಂಡತಿಗೂ ಮಕ್ಕಳಷ್ಟೇ ಪಾಲಿದೆ, ನಿಜ. ಆದರೆ ಅದು ಅವನು ಹೋದ ಮೇಲಿನ ಮಾತು. ಬದುಕಿದ್ದಾಗಲೇ ಸಂಬಂಧ ಮುರಿದರೆ ಜೀವನಾಂಶ ಕೇಳಬಹುದು ಅಷ್ಟೇ, ಇಬ್ಬರೂ ಸೇರಿ ಕಟ್ಟಿದ ಸಂಸಾರದ ಗಳಿಕೆಯಲ್ಲಿ ಅರ್ಧ ನನ್ನದು ಅನ್ನೋ ಹಕ್ಕಿಲ್ಲ. ಜರ್ಮನಿಯಲ್ಲಿ 1977ರಿಂದ ವಿಚ್ಛೇದನವಾದರೆ ಮದುವೆಯ ಕಾಲದ ಪಿಂಚಣಿಯನ್ನು ಇಬ್ಬರಿಗೂ ಸಮನಾಗಿ ಹಂಚುತ್ತಾರೆ. ಹಾಗಂತ ಇಲ್ಲಿ ಎಲ್ಲ ಸರಿಯಿದೆ ಅಂತಲ್ಲ. 2008ರ ತಿದ್ದುಪಡಿಯ ನಂತರ ವಿಚ್ಛೇದಿತ ತಾಯಿಗೆ ಮಗುವನ್ನು ನೋಡಿಕೊಳ್ಳುವ ಕಾರಣಕ್ಕೆ ಸಿಗುವ ಜೀವನಾಂಶ ಸಾಮಾನ್ಯವಾಗಿ ಮಗುವಿಗೆ ಮೂರು ವರ್ಷ ತುಂಬುವವರೆಗೆ ಮಾತ್ರ. ಆಮೇಲೆ ದುಡಿಯಬೇಕು. ಹತ್ತು ವರ್ಷ ಕೆಲಸ ಬಿಟ್ಟವಳಿಗೆ ಯಾರು ಕೆಲಸ ಕೊಡ್ತಾರೆ, ಅಲ್ವಾ?

ನಮ್ಮ ಕಡೆ ಗೃಹಲಕ್ಷ್ಮಿಯ 2000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಬರುತ್ತದೆ. ಒಳ್ಳೆಯದೇ. ಆದರೆ ನನಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ಅವಳಿಗೆ ಅಂತ ಇರುವ ದುಡ್ಡು ಅದೊಂದೇ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ, ನಮ್ಮ ಕರ್ನಾಟಕದವರೇ, ಗೃಹಿಣಿಗೆ ಜಂಟಿ ಖಾತೆ, ಎಟಿಎಂ ಕೈಗೆ ಸಿಗಬೇಕು ಅಂತ ತೀರ್ಪಿನಲ್ಲೇ ಬರೆದರು. ಇದಕ್ಕೆ ಸರ್ಕಾರ ಏನೂ ಮಾಡಬೇಕಿಲ್ಲ, ಗಂಡ ಒಂದು ದಿನ ಬ್ಯಾಂಕಿಗೆ ಕರೆದುಕೊಂಡು ಹೋದರೆ ಸಾಕು. ಪೋಸ್ಟ್ ಆಫೀಸಿನಲ್ಲಿ ವರ್ಷಕ್ಕೆ 500 ರೂಪಾಯಿಯಿಂದಲೂ ಪಿಪಿಎಫ್ ಅನ್ನೋ ದೀರ್ಘಾವಧಿ ಉಳಿತಾಯಕ್ಕೆ ಕಟ್ಟಬಹುದು. ಗಂಡ ಜೀವವಿಮೆ ಮಾಡಿಸುವಾಗ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಿದರೆ ಆ ಹಣವನ್ನು ಸಾಲ ಕೊಟ್ಟವರು ಮುಟ್ಟೋ ಹಾಗಿಲ್ಲ. ತೋಟದ ಸಾಲ ಇರುವ ಮನೆಗಳಿಗೆ ಇದು ತುಂಬಾ ಮುಖ್ಯ.

ಚಿಕ್ಕಮ್ಮನ ಸೊಸೆ ಶಿವಮೊಗ್ಗದಲ್ಲಿ ಟೀಚರ್ ಆಗಿದ್ದವಳು, ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟಳು. ಈಗ ಅದೇ ಮೆಟ್ಟುಕತ್ತಿ ಮುಂದೆ ಅವಳು ಕೂರುತ್ತಾಳೆ. ಮೊನ್ನೆ ಅವಳ ಗಂಡನಾದ ತಮ್ಮನಿಗೆ ಫೋನ್ ಮಾಡಿ, ಮಂಡಿಯಲ್ಲಿ ಅವಳ ಹೆಸರಿಗೂ ಒಂದು ಖಾತೆ ಮಾಡಿಸು, ಈ ಸಲ ನಾಲ್ಕು ಮೂಟೆಯ ಪಟ್ಟಿಯಾದರೂ ಅವಳ ಹೆಸರಲ್ಲಿ ಬರಲಿ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಮ್ಮನೂ ಅದನ್ನೇ ಹೇಳ್ತಿದ್ಲು ಅಣ್ಣ" ಅಂದ.