ಹಳ್ಳಿಯ ಕೆಲಸ ಹಳ್ಳಿಯಲ್ಲೇ ಕಲಿಸಿ

ಬೆಳಿಗ್ಗೆಯಿಂದ ಒಂದೇ ವಿಷಯ ತಲೆ ಕೊರೆಯುತ್ತಿದೆ. ಈಗಷ್ಟೇ ವೈದ್ಯಕೀಯ ಓದು ಮುಗಿಸಿ ನಮ್ಮ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬಂದ ಹುಡುಗ ಅಜ್ಜಿಯೊಬ್ಬರ ಬಿಪಿ ನೋಡಿದ. ಜಾಸ್ತಿ ಇತ್ತು. ತಕ್ಷಣ ಇನ್ನೊಂದು ಮಾತ್ರೆ ಬರೆದ. ಪಕ್ಕದಲ್ಲಿದ್ದ ನರ್ಸ್ "ಅಜ್ಜಿ, ಹಳೇ ಮಾತ್ರೆ ತೋರಿಸಿ" ಅಂದರು. ಚೀಲದಿಂದ ಹೊರಬಂದ ಸ್ಟ್ರಿಪ್ ಹೆಚ್ಚುಕಡಿಮೆ ತುಂಬಿಯೇ ಇತ್ತು. ತಲೆ ನೋವು ಬಂದ ದಿನ ಮಾತ್ರ ನುಂಗುತ್ತಿದ್ದರಂತೆ!

ಹುಡುಗ ದಡ್ಡನಲ್ಲ. ಹಾಗೆ ಕೇಳಬೇಕು ಅಂತ ಅವನಿಗೆ ಯಾರೂ ಕಲಿಸಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ನಾನು ಆರೋಗ್ಯ ಕೇಂದ್ರದ ಕೆಲಸದಲ್ಲೇ ಇರುವವಳು. ಹೊಸಬರು ಬಂದಾಗಲೆಲ್ಲ ಇದೇ ಕಥೆ.

1961ರಲ್ಲಿ ವೈದ್ಯ, ಸಂಶೋಧಕ ಕೆರ್ ವೈಟ್ ಮತ್ತು ಸಂಗಡಿಗರು ಅಮೆರಿಕ, ಬ್ರಿಟನ್‌ನ ಅಂಕಿಅಂಶ ಹಿಡಿದು ಒಂದು ಲೆಕ್ಕ ಕೊಟ್ಟರು. ಒಂದು ತಿಂಗಳಲ್ಲಿ 1000 ವಯಸ್ಕರ ಪೈಕಿ 750 ಮಂದಿಗೆ ಏನಾದರೊಂದು ಕಾಯಿಲೆ, ಪೆಟ್ಟು. ವೈದ್ಯರ ಹತ್ತಿರ ಹೋಗುವವರು 250. ಆಸ್ಪತ್ರೆ ಸೇರುವವರು 9. ವಿಶ್ವವಿದ್ಯಾಲಯದ ದೊಡ್ಡಾಸ್ಪತ್ರೆ ಮುಟ್ಟುವುದು ಒಬ್ಬರೇ. ವೈದ್ಯ ವಿದ್ಯಾರ್ಥಿಗಳಿಗೆ ದೊಡ್ಡಾಸ್ಪತ್ರೆಯಲ್ಲಿ ಆ ಒಬ್ಬರನ್ನಷ್ಟೇ ತೋರಿಸಿ ಕಲಿಸಿದರೆ, ಉಳಿದವರನ್ನು ನೋಡಿಕೊಳ್ಳುವುದು ಹೇಗೆ?

ಆರೋಗ್ಯ ಕೇಂದ್ರದ ಕಲಿಕೆಯೇ ಬೇರೆ. ಒಬ್ಬ ಗರ್ಭಿಣಿಯನ್ನು ಮೊದಲ ತಪಾಸಣೆಯಿಂದ ಬಾಣಂತನದವರೆಗೆ ನೋಡಬೇಕು. ಲಸಿಕೆಗೆ ಬಾರದ ಮಗುವಿನ ಮನೆ ಹುಡುಕಿಕೊಂಡು ಹೋಗಬೇಕು. ಕ್ಷಯದವರು ಸ್ವಲ್ಪ ಗುಣವಾದ ಕೂಡಲೇ ಮಾತ್ರೆ ಬಿಡುತ್ತಾರೆ, ಬಿಡದ ಹಾಗೆ ನೋಡಿಕೊಳ್ಳಬೇಕು. ಯಾರನ್ನು ಈಗಲೇ ದೊಡ್ಡಾಸ್ಪತ್ರೆಗೆ ಕಳಿಸಬೇಕು, ಯಾರು ನಾಳೆವರೆಗೆ ಕಾಯಬಹುದು ಅನ್ನುವುದಂತೂ ನೋಡಿ ನೋಡಿಯೇ ಬರಬೇಕು. ವಿದ್ಯಾರ್ಥಿಗಳು ಓದಿನ ಭಾಗವಾಗಿ ಕೆಲವೇ ದಿನ ಬಂದು, ಸಹಿ ಹಾಕಿಸಿಕೊಂಡು ಹೋಗುವ ಪೋಸ್ಟಿಂಗ್‌ನಲ್ಲಿ ಇದೆಲ್ಲ ಬರುತ್ತಾ? ಅದು ಸುಮ್ನೆ ಶಾಸ್ತ್ರಕ್ಕೆ.

ಹಳ್ಳಿಯಲ್ಲಿ ಕಲಿತರೆ ಓದು ಹಿಂದೆ ಬೀಳುತ್ತದೆ ಅನ್ನುವವರಿದ್ದಾರೆ. ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯ 1997ರಿಂದ ಕೆಲವು ವೈದ್ಯ ವಿದ್ಯಾರ್ಥಿಗಳನ್ನು ಇಡೀ ವರ್ಷ ಹಳ್ಳಿಗಾಡಿನ ವೈದ್ಯರ ಜೊತೆ ಕಲಿಯಲು ಬಿಟ್ಟಿತು. ದೊಡ್ಡಾಸ್ಪತ್ರೆಯಲ್ಲೇ ಉಳಿದವರಿಗಿಂತ ಅವರೇನೂ ಪರೀಕ್ಷೆಯಲ್ಲಿ ಹಿಂದೆ ಬೀಳಲಿಲ್ಲ. ಆ ವಾದ ನನ್ನ ಹತ್ತಿರ ಬೇಡ.

ಹಳ್ಳಿಯ ಮಕ್ಕಳನ್ನು ಸೇರಿಸಿಕೊಳ್ಳಿ, ಓದುವಾಗಲೇ ಹಳ್ಳಿಗೆ ಕಳಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿತು. 2021ರಲ್ಲಿ ಮತ್ತೆ ಹೇಳಿತು. ಇನ್ನೆಷ್ಟು ಸಲ ಹೇಳಬೇಕು?

ಈ ದಾರಿ ಹಿಡಿಯಬೇಕು ಅಂತಿರುವ ಹುಡುಗ ಹುಡುಗಿಯರು ನಿಮ್ಮ ಮನೆಯಲ್ಲಿದ್ದರೆ, ಸೇರುವ ಮೊದಲೇ ಕಾಲೇಜಿನವರನ್ನು ಕೇಳಲು ಹೇಳಿ: ಆರೋಗ್ಯ ಕೇಂದ್ರದಲ್ಲಿ ಎಷ್ಟು ತಿಂಗಳು ಇರುತ್ತೇವೆ? ಅಲ್ಲಿ ನಮ್ಮ ಪಕ್ಕದಲ್ಲಿ ನಿಂತು ಕಲಿಸುವವರು ಯಾರು?