ಬಾಳೆಲೆ ಮೇಲೆ 5ಜಿ

ನಿನ್ನೆ ದಾವಣಗೆರೆಯಲ್ಲಿ ಅಕ್ಕನ ಮನೆ ಗೃಹಪ್ರವೇಶ. ಪಂಕ್ತಿಯಲ್ಲಿ ನನ್ನ ಪಕ್ಕ ಅಕ್ಕನ ಮಗ, ಅವನಾಚೆ ಅವನ ಗೆಳೆಯ. ಇಬ್ಬರಿಗೂ ಇಪ್ಪತ್ತೈದು ದಾಟಿಲ್ಲ, ಇಬ್ಬರಿಗೂ ಡಿಮ್ಯಾಟ್ ಅಕೌಂಟ್ ಇದೆ. ಒಬ್ಬ ಏರ್‌ಟೆಲ್ ಶೇರು ಇಟ್ಕೊಂಡಿದ್ದಾನೆ, ಇನ್ನೊಬ್ಬ ಜಿಯೊ ನಡೆಸೋ ರಿಲಯನ್ಸ್ ಶೇರು. ಕೋಸಂಬರಿ ಬಡಿಸುವಾಗ ಶುರುವಾದ ಜಗಳ ಮಜ್ಜಿಗೆ ಬಂದರೂ ಮುಗಿಯಲಿಲ್ಲ.

"ಮಾವ, ನೀವೇ ಹೇಳಿ. ಜಿಯೊದು ಎಸ್‌ಎ 5ಜಿ, ಏರ್‌ಟೆಲ್ ಶುರು ಮಾಡಿದ್ದು ಎನ್‌ಎಸ್‌ಎ 5ಜಿ. ಅಂದ್ಮೇಲೆ ಯಾವ ಶೇರು ಏರುತ್ತೆ?"

ಹುಡುಗ ಎಲೆ ಮೇಲೆಯೇ ಪಾಠ ಮಾಡಿದ. ಉಪ್ಪಿನಕಾಯಿ ಟವರ್, ಹುರುಳಿಕಾಯಿ ಪಲ್ಯ ಕೋರ್ ನೆಟ್‌ವರ್ಕ್, ಅಂದ್ರೆ ಟವರ್‌ಗಳ ಹಿಂದೆ ಕೂತು ಎಲ್ಲ ನಡೆಸೋ ಮಿದುಳು. ಎನ್‌ಎಸ್‌ಎ ಅಂದ್ರೆ ಟವರ್ ಮಾತ್ರ 5ಜಿ, ಹಿಂದಿರೋ ಕೋರ್ ಹಳೇ 4ಜಿದು. ಎಸ್‌ಎನಲ್ಲಿ ಎರಡೂ ಹೊಸದು. ಚೆನ್ನಾಗಿಯೇ ಹೇಳಿದ, ಸುಳ್ಳು ಯಾಕೆ ಹೇಳಲಿ. ಜಿಯೊ 2022ರ ಸ್ಪೆಕ್ಟ್ರಮ್ (ಅಂದ್ರೆ ತರಂಗ) ಹರಾಜಿನಲ್ಲಿ 700 ಮೆಗಾಹರ್ಟ್ಜ್ ಯಾಕೆ ಕೊಂಡಿತು, ಆ ಅಲೆ ಗೋಡೆಯೊಳಗೆ ಹೇಗೆ ನುಗ್ಗುತ್ತೆ, ಎಲ್ಲ ಬಾಯಿಪಾಠ. ಆಮೇಲೆ ಇಬ್ಬರೂ ಕೈ ತೊಳೆದು ಸ್ಪೀಡ್ ಟೆಸ್ಟ್ ಮಾಡೋಕೆ ತಾರಸಿಗೆ ಹೋದರು. ಯಾಕಂದ್ರೆ ಮನೆಯೊಳಗೆ ಇಬ್ಬರಿಗೂ ಸಿಗ್ನಲ್ ಇರಲಿಲ್ಲ!

ನನ್ನ ಸಿಟ್ಟು ಅವನ ಪಾಠದ ಮೇಲಲ್ಲ. ಆ "ಅಂದ್ಮೇಲೆ" ಇದೆಯಲ್ಲ, ಅದರ ಮೇಲೆ. ಟೆಕ್ನಾಲಜಿ ಚೆನ್ನಾಗಿದೆ, ಅಂದ್ಮೇಲೆ ಶೇರು ಏರುತ್ತೆ. ಎಲ್ಲಿಯ ಪಲ್ಯ, ಎಲ್ಲಿಯ ಪಾಯಸ!

ಸಿಡಿಎಂಎ ಅನ್ನೋ ಹಳೇ ಮೊಬೈಲ್ ಟೆಕ್ನಾಲಜಿ ಮೇಲಿದ್ದ ನನ್ನ ಹುಚ್ಚು ಇಲ್ಲಿರೋ ಹಳಬರಿಗೆಲ್ಲ ಗೊತ್ತು. 2003ರ ಮಳೆಗಾಲ, ರಿಲಯನ್ಸ್ ಇನ್ಫೋಕಾಂ (ಇವತ್ತಿನ ಜಿಯೊ ಅಲ್ಲ) 501 ರೂಪಾಯಿಗೆ ಸಿಡಿಎಂಎ ಫೋನು ಕೈಗಿಟ್ಟ ಕಾಲ. ಊರಿನ ಸುತ್ತಮುತ್ತ ಮಾತ್ರ ನಡೆಯೋ ಸೀಮಿತ ಓಡಾಟದ ಲೈಸೆನ್ಸ್ ಇಟ್ಕೊಂಡು ಪೂರ್ತಿ ಮೊಬೈಲ್ ನಡೆಸ್ತಿದ್ದಾರೆ ಅಂತ ಜಿಎಸ್‌ಎಂನವರು, ಅಂದ್ರೆ ಎದುರಾಳಿ ಟೆಕ್ನಾಲಜಿಯ ಏರ್‌ಟೆಲ್‌ನಂಥ ಕಂಪನಿಗಳು, ಕೋರ್ಟು ಕಚೇರಿ ಅಲೀತಿದ್ದರು. ಬ್ರೋಕರ್ ಆಫೀಸಿನಲ್ಲಿ ನಾವು ಟೀ ಕುಡೀತಾ ಇದೇ ಜಗಳ ಆಡ್ತಿದ್ದೆವು. ಜಿಎಸ್‌ಎಂ ಅಂದ್ರೆ ಸರದಿ ಪ್ರಕಾರ ಒಬ್ಬೊಬ್ಬರೇ ಮಾತಾಡೋದು. ಸಿಡಿಎಂಎ ಅಂದ್ರೆ ಕೆ.ಆರ್. ಮಾರ್ಕೆಟ್. ಎಲ್ಲರೂ ಒಟ್ಟಿಗೆ ಕೂಗ್ತಾರೆ, ನಿಮ್ಮ ಕಿವಿ ನಿಮಗೆ ಬೇಕಾದ ದನಿಯನ್ನಷ್ಟೇ ಹೆಕ್ಕುತ್ತೆ. ಅಷ್ಟೇ ತರಂಗಕ್ಕೆ ಹೆಚ್ಚು ಮಂದಿ. ಅಂದ್ಮೇಲೆ...? ಹ್ಞೂಂ, ಈ "ಅಂದ್ಮೇಲೆ"ಯನ್ನು ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ.

2002ರಲ್ಲಿ 45 ರೂಪಾಯಿಗೆ ಇಶ್ಯೂ ಆದ ಭಾರತಿ (ಏರ್‌ಟೆಲ್) ಶೇರು ಆಮೇಲೆ ಆ ಬೆಲೆಗಿಂತ ಕೆಳಗೆ ಜಾರಿತ್ತು. ಸಿಡಿಎಂಎ ಬಂತು, ಇವರ ಕಥೆ ಮುಗೀತು ಅಂತ ಅಲ್ಲಿದ್ದವರಿಗೆಲ್ಲ ಬೋಧನೆ ಮಾಡಿದೆ. ಮೂರು ಜನ ನನ್ನ ಮಾತು ಕೇಳಿ ಮಾರಿದರು. ಅವರಲ್ಲಿ ಒಬ್ಬರು ಇವತ್ತಿಗೂ ಎದುರು ಸಿಕ್ಕರೆ ರಸ್ತೆ ದಾಟ್ತಾರೆ.

ನಾನು ನೋಡದೇ ಹೋಗಿದ್ದು ನಮ್ಮ ಮನೆಯಲ್ಲೇ ಇತ್ತು. ಅಪ್ಪನ ಹತ್ರ ಸಿಡಿಎಂಎ ಸೆಟ್. ಸಿಮ್ ಇಲ್ಲ, ನಂಬರು ಸೆಟ್ಟಿನೊಳಗೇ ಕೂತಿರೋದು. ಸೆಟ್ ಕೆಟ್ಟರೆ ಎಲ್ಲರ ನಂಬರೂ ಹೋಯ್ತು. ಒಂದು ಸಲ ಹಾಗೆ ಆದ ಮೇಲೆ ಅಪ್ಪ ಎಲ್ಲಾ ನಂಬರನ್ನೂ ಎಲ್‌ಐಸಿ ಪಾಕೆಟ್ ಡೈರಿಯಲ್ಲಿ ಬರ್ಕೊಂಡರು. ಡೈರಿ ತೆಗೆದು, ಕನ್ನಡಕ ಹಾಕಿ, ಒಂದೊಂದೇ ಅಂಕಿ ಒತ್ತಿ ಫೋನು ಮಾಡೋರು. ಪಕ್ಕದ ಮನೆಯವರು ನೋಕಿಯಾಗೆ ಸಿಮ್ ಹಾಕ್ಕೊಂಡು, ಬೇಜಾರಾದರೆ ಇನ್ನೊಂದು ಸೆಟ್ಟಿಗೆ ಅದೇ ಸಿಮ್ ತೂರಿಸ್ತಿದ್ದರು. ನನಗೆ ಕಾಣಿಸಲಿಲ್ಲ. ನಾನು ತರಂಗದ ಲೆಕ್ಕದಲ್ಲಿದ್ದೆ.

ಕೊನೆಗೆ 2008-09ರ ಹೊತ್ತಿಗೆ ರಿಲಯನ್ಸೂ ಟಾಟಾನೂ ಜಿಎಸ್‌ಎಂ ಶುರು ಮಾಡಿದರು. ತಮಾಷೆ ಏನು ಗೊತ್ತಾ? ಟೆಕ್ನಾಲಜಿ ಸೋಲಲೇ ಇಲ್ಲ. ಜಿಎಸ್‌ಎಂನವರು ಆಮೇಲೆ ತಂದ 3ಜಿಯ ಹೊಟ್ಟೆಯೊಳಗೆ ಇದ್ದದ್ದು ಅದೇ ಸಿಡಿಎಂಎ ತತ್ವ. ಸಿಡಿಎಂಎ ಪೇಟೆಂಟ್ ಇಟ್ಕೊಂಡಿದ್ದ ಕ್ವಾಲ್‌ಕಾಂ ಎರಡು ಕಡೆಯಿಂದಲೂ ರಾಯಲ್ಟಿ ಎಣಿಸಿಕೊಳ್ತು. ವಾದದಲ್ಲಿ ಗೆದ್ದವನು ನಾನು. ಖಾಲಿಯಾಗಿದ್ದೂ ನನ್ನದೇ ಜೇಬು. ಸಿಡಿಎಂಎ ನಂಬಿದ್ದ ಒಂದು ಕಂಪನಿಯ ಶೇರು ಇವತ್ತಿಗೂ ನನ್ನ ಡಿಮ್ಯಾಟ್‌ನಲ್ಲಿದೆ. ಹೆಸರು ಕೇಳಬೇಡಿ, ಎಷ್ಟು ಅಂತಲೂ ಕೇಳಬೇಡಿ. ಮನೆಯವಳಿಗೆ ಅರ್ಧ ಲೆಕ್ಕ ಮಾತ್ರ ಗೊತ್ತು.

"ಮಾವ, ಜಿಯೊ ಗೆದ್ದಿದ್ದು ಟೆಕ್ನಾಲಜಿಯಿಂದ ತಾನೆ? ಬರೀ 4ಜಿ, ಮಾತೂ ಡೇಟಾ ಮೇಲೇ" ಅಂದ ಅಳಿಯ. ಹೌದಪ್ಪ. 2016ರ ಸೆಪ್ಟೆಂಬರ್ 5ರಿಂದ ಮುಂದಿನ ಮಾರ್ಚ್ ತನಕ ಊರಿಗೆಲ್ಲ ಪುಕ್ಕಟೆ ಕೊಡೋಕೆ ಹಿಂದೆ ರಿಲಯನ್ಸ್‌ನ ರಿಫೈನರಿ ದುಡ್ಡಿತ್ತಲ್ಲ, ಅದ್ಯಾವ ಟೆಕ್ನಾಲಜಿ? ಅದೇ 4ಜಿಯನ್ನ ಬೇರೆಯವರೂ ತಂದಿದ್ದರು.

ವೊಡಾಫೋನ್ ಐಡಿಯಾನೇ ನೋಡಿ. ಅದನ್ನು ಹಿಂಡಿದ್ದು ಎಸ್‌ಎನೂ ಅಲ್ಲ, ಎನ್‌ಎಸ್‌ಎನೂ ಅಲ್ಲ. ಜಿಯೊ ಬಂದ ಮೇಲಿನ ದರ ಸಮರದಲ್ಲಿ ಆಗಲೇ ಬಸವಳಿದಿತ್ತು. ಅಷ್ಟರಲ್ಲಿ 2019ರ ಅಕ್ಟೋಬರ್ 24ಕ್ಕೆ ಸುಪ್ರೀಂ ಕೋರ್ಟ್ ಎಜಿಆರ್ (ಲೈಸೆನ್ಸ್ ಶುಲ್ಕಕ್ಕೆ ಲೆಕ್ಕ ಹಿಡಿಯೋ ಆದಾಯ) ತೀರ್ಪು ಕೊಟ್ಟಿತು. ಆದಾಯ ಅಂದ್ರೆ ಏನು ಅನ್ನೋ ಒಂದು ವ್ಯಾಖ್ಯೆ! ಬಡ್ಡಿ, ಬಾಡಿಗೆ ಎಲ್ಲಾ ಸೇರಿಸಿ ಲೈಸೆನ್ಸ್ ಶುಲ್ಕ ಕಟ್ಟಬೇಕು ಅಂತಾಯ್ತು, ಬಾಕಿ 50 ಸಾವಿರ ಕೋಟಿ ದಾಟಿತು. ಮುಂದೆ ಸರ್ಕಾರ ತನಗೆ ಬರಬೇಕಾದ ಬಾಕಿಯನ್ನ ಶೇರಾಗಿ ಬದಲಿಸಿಕೊಂಡು 2025ರಲ್ಲಿ ಸುಮಾರು 49 ಪರ್ಸೆಂಟ್ ಪಾಲುದಾರ ಆಯ್ತು. ಇದನ್ನ ಯಾವ ಉಪ್ಪಿನಕಾಯಿ ಇಟ್ಟು ತೋರಿಸ್ತೀಯೋ?

ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಇಷ್ಟನ್ನೂ ಹೇಳಿದೆ. ನೀನು ಕೊಂಡಿರೋ ಕಂಪನಿಗೆ ಸಾಲ ಎಷ್ಟಿದೆ, ಸ್ಪೆಕ್ಟ್ರಮ್ ಕಂತು ಯಾವಾಗ ಕಟ್ಟಬೇಕು, ಒಬ್ಬ ಗಿರಾಕಿಯಿಂದ ತಿಂಗಳಿಗೆ ಎಷ್ಟು ಹುಟ್ಟುತ್ತೆ, ವಾರ್ಷಿಕ ವರದಿ ತೆಗೆದು ನೋಡು ಅಂದೆ. "ಆಯ್ತು ಮಾವ, ನೋಡಿ ಕಳಿಸ್ತೀನಿ" ಅಂದ. ಒಳ್ಳೇ ಹುಡುಗ.

ಇವತ್ತು ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದಾನೆ. 6ಜಿ ಬಗ್ಗೆ ಹದಿನೆಂಟು ನಿಮಿಷದ ವಿಡಿಯೊ.