ತಿರುಗಿಸಿದರೆ ಬೆಲೆ ಇಳಿಯುವ ರೀಲು

“ಬೇಡ ಮೇಡಂ, ತಿರುಗಿಸಬೇಡಿ. ತಿರುಗಿಸಿದರೆ ಬೆಲೆ ಇಳಿಯುತ್ತದೆ.”

ಭಾನುವಾರ ಈ ಮಾತು ಕೇಳಿಸಿಕೊಂಡು ಬಂದವಳಿಗೆ ಇನ್ನೂ ಸಿಟ್ಟು ಇಳಿದಿಲ್ಲ. ಇಲ್ಲಿ ಬರೆದು ಇಳಿಸಿಕೊಳ್ಳುತ್ತಿದ್ದೇನೆ, ಸಹಿಸಿಕೊಳ್ಳಿ.

ನನ್ನ ಫ್ಲೈ ಗಾಳದ ಹುಚ್ಚು, ಅಂದರೆ ಗರಿ, ಕೂದಲು ಸುತ್ತಿದ ಕೊಕ್ಕೆಯಿಂದ ಮೀನು ಹಿಡಿಯುವ ಹುಚ್ಚು, ನಿಮಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ: ರಾಡು ಎಂದರೆ ಗಾಳದ ಕೋಲು, ರೀಲು ಎಂದರೆ ಅದರ ದಾರ ಸುತ್ತುವ ಚಕ್ರ. ಅದು ಹೇಗೆ ಹತ್ತಿತು ಎಂಬ ಕಥೆಯನ್ನು ಮತ್ತೆ ಹೇಳುವುದಿಲ್ಲ, ನಿಮಗೂ ಕೇಳಿ ಕೇಳಿ ಸಾಕಾಗಿರಬೇಕು. ಪರಿಚಯದವರೊಬ್ಬರು, “ನಿಮ್ಮ ಹಾಗೆಯೇ ಫ್ಲೈ ರಾಡು, ರೀಲು ಸಂಗ್ರಹಿಸುವವರು ಒಬ್ಬರಿದ್ದಾರೆ, ಒಮ್ಮೆ ನೋಡಲೇಬೇಕು” ಎಂದು ಬಹಳ ದಿನದಿಂದ ಹೇಳುತ್ತಿದ್ದರು. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಸರ್ಜಾಪುರ ರಸ್ತೆ ಸೇರುವಷ್ಟರಲ್ಲಿ ಅರ್ಧ ಆಯುಷ್ಯ ಕಳೆದಿತ್ತು, ಆದರೂ ಉತ್ಸಾಹದಿಂದಲೇ ಹೋದೆ. ಈ ಊರಿನಲ್ಲಿ ಹಾರ್ಡಿ ಎಂಬ ಇಂಗ್ಲೆಂಡಿನ ಗಾಳದ ಕಂಪನಿ ಎಂದರೆ ಏನೆಂದು ವಿವರಿಸಬೇಕಿಲ್ಲದ ಮನುಷ್ಯ ಸಿಗುವುದು ಸಣ್ಣ ವಿಷಯವಲ್ಲ.

ಹಾಲಿನ ಒಂದು ಇಡೀ ಗೋಡೆಗೆ ಗಾಜಿನ ಕಪಾಟು. ಒಳಗೆ ಸಾಲು ದೀಪ, ತೇವಾಂಶ ತೋರಿಸುವ ಮೀಟರು. ಅಮೆರಿಕದ ಹೊಸ ಗ್ರಾಫೈಟ್ (ಕಾರ್ಬನ್ ನಾರಿನ) ರಾಡುಗಳು, ಬಿದಿರಿನ ಹಳೆಯ ರಾಡುಗಳು, ಮಧ್ಯದಲ್ಲಿ ರೀಲುಗಳ ದರ್ಬಾರು. ಆತಿಥೇಯರು ಬಿಳಿ ಹತ್ತಿಯ ಕೈಗವಸು ತೊಟ್ಟು, ಮೂಲ ಪೆಟ್ಟಿಗೆಯ ಸಮೇತ ಒಂದು ಹಾರ್ಡಿ ಪರ್ಫೆಕ್ಟ್ ರೀಲನ್ನು ಹೊರಗೆ ತೆಗೆದರು. ಇಂಗ್ಲೆಂಡಿನ ಆನಿಕ್ ಎಂಬ ಪುಟ್ಟ ಊರಿನಲ್ಲಿ 1872ರಲ್ಲಿ ಬಂದೂಕಿನ ಅಂಗಡಿಯಾಗಿ ಶುರುವಾದ ಹಾರ್ಡಿ ಸಹೋದರರ ಕಂಪನಿ, 1890ರ ದಶಕದಲ್ಲಿ ಮಾರುಕಟ್ಟೆಗೆ ತಂದ ಮಾದರಿ ಅದು. ಒಳಗೆ ಬಾಲ್ ಬೇರಿಂಗ್. ಕೆಲಸದ ಜೀವನವನ್ನೆಲ್ಲ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೈಕ್ರೋಮೀಟರ್ ಹಿಡಿದು ಕಳೆದ ನನಗೆ ಅಂಥದ್ದೊಂದು ಕಣ್ಣೆದುರು ಬಂದರೆ ಕೈ ಸುಮ್ಮನಿರುತ್ತದೆಯೇ? ಹಿಡಿಗೆ ಬೆರಳು ತಾಗಿಸಿದೆ. ಆಗ ಬಂದ ಮಾತು ಅದು.

ತಿರುಗಿಸಿದರೆ ಬೆಲೆ ಇಳಿಯುತ್ತದೆಯಂತೆ!

ರೀಲು ಇರುವುದು ತಿರುಗುವುದಕ್ಕೆ. ಅದನ್ನು ಮಾಡಿದ ಕೆಲಸಗಾರ ಬೇರಿಂಗಿನ ದಾರಿಯನ್ನು ಅಷ್ಟು ನಯವಾಗಿ ತೆಗೆದದ್ದು, ಹಲ್ಲಿನ ಚಕ್ರಕ್ಕೆ ಪುಟ್ಟ ನಾಲಿಗೆಯೊಂದನ್ನು ಸ್ಪ್ರಿಂಗ್ ಒತ್ತಿ ಹಿಡಿಯುವಂತೆ ಕೂರಿಸಿದ್ದು, ಎಲ್ಲವೂ ಮೀನು ಎಳೆದಾಗ ದಾರ ಸಿಕ್ಕಾಗದೆ ಬಿಚ್ಚಿಕೊಳ್ಳಲಿ ಎಂದು. ಆ ನಾಲಿಗೆ ಹಲ್ಲಿನಿಂದ ಹಲ್ಲಿಗೆ ಜಾರುವ ಕಿರ್ರ್ ಎಂಬ ಸದ್ದಿಗೆ ಮರುಳಾಗಿಯೇ ನಮ್ಮಂಥವರು ಸಂಬಳ ಸುರಿದಿರುವುದು. ಇವರ ಕಪಾಟಿನಲ್ಲಿ ಆ ಸದ್ದಿಗೆ ನಿಷೇಧಾಜ್ಞೆ.

“ಯಾವ ನದಿಗೆ ಹೋಗುತ್ತೀರಿ?” ಎಂದು ಕೇಳಿದೆ. ಇನ್ನೂ ಹೋಗಿಲ್ಲವಂತೆ, ಸಮಯ ಸಿಕ್ಕಿಲ್ಲವಂತೆ. “ಆದರೆ ಮೇಡಂ, ಮ್ಯೂಚುವಲ್ ಫಂಡಿಗಿಂತ ಇದೇ ವಾಸಿ” ಎಂದರು. ಆಮೇಲೆ ಅರ್ಧ ಗಂಟೆ ನನಗೆ ಹರಾಜಿನ ಬೆಲೆಗಳ ಪಾಠ ನಡೆಯಿತು. ಕಾಫಿ ಚೆನ್ನಾಗಿತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಇದು ದುಬಾರಿ ಹುಚ್ಚು ಎಂಬುದನ್ನು ನಾನು ಎಂದೂ ಮುಚ್ಚಿಟ್ಟಿಲ್ಲ. ಹೆಸರಾಂತ ಕಂಪನಿಗಳ ಮೇಲ್ದರ್ಜೆಯ ಗ್ರಾಫೈಟ್ ರಾಡು ಈಗ ಸಾವಿರ ಡಾಲರ್ ದಾಟಿದೆ. ಸಾಗಣೆ, ಸುಂಕ ಸೇರಿ ಬೆಂಗಳೂರಿನ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಲಕ್ಷ ದಾಟಿರುತ್ತದೆ. ಅದಕ್ಕೆ ಒಪ್ಪುವ ರೀಲು ಬೇರೆ, ದಾರ ಬೇರೆ. ಒಳ್ಳೆಯ ಕೈಯಲ್ಲಿ ತಯಾರಾದ ಬಿದಿರಿನ ರಾಡಾದರೆ ಅದರ ಬೆಲೆ ಕೇಳುವ ಮೊದಲು ಕುಳಿತುಕೊಳ್ಳುವುದು ಒಳ್ಳೆಯದು. ನನ್ನ ಹತ್ತಿರ ಇರುವುದರ ನಿಜವಾದ ಲೆಕ್ಕ ನಮ್ಮ ಯಜಮಾನರಿಗೆ ಇವತ್ತಿಗೂ ತಿಳಿಯದು. ಅವರು ಫೇಸ್‌ಬುಕ್‌ನಲ್ಲಿ ಇಲ್ಲ, ನೀವೂ ಹೇಳುವುದು ಬೇಡ.

ಆದರೆ ನಾನು ಅದನ್ನು ಖರ್ಚು ಎಂದೇ ಬರೆದುಕೊಳ್ಳುತ್ತೇನೆ. ಹೋದ ದುಡ್ಡು ಹೋಯಿತು, ಬದಲಿಗೆ ಸಂತೋಷ ಬಂತು. ಈ ಊರಿನ ಜನಕ್ಕೆ ಏಕೋ ಸಂತೋಷಕ್ಕೆ ದುಡ್ಡು ಕೊಟ್ಟೆ ಎಂದು ಹೇಳಿಕೊಳ್ಳಲು ನಾಚಿಕೆ. ಸೈಟು ಕೊಂಡರೂ ಹೂಡಿಕೆ, ಸೀರೆ ಕೊಂಡರೂ ಹೂಡಿಕೆ, ಗಾಳ ಕೊಂಡರೂ ಹೂಡಿಕೆ. ಎಚ್‌ಎಂಟಿ ಜನತಾ ಗಡಿಯಾರಕ್ಕೂ ಇದೇ ಗತಿ ಬಂದಿದೆ. ನಮ್ಮ ಅಪ್ಪಂದಿರು ಬೆಳಿಗ್ಗೆ ಎದ್ದು ಕೀಲಿ ಕೊಟ್ಟು ಕಟ್ಟಿಕೊಳ್ಳುತ್ತಿದ್ದ ಗಡಿಯಾರವನ್ನು ಈಗ ಪೆಟ್ಟಿಗೆಯಲ್ಲಿಟ್ಟು “ಕೀಲಿ ಕೊಡಬೇಡಿ” ಎನ್ನುವವರಿದ್ದಾರೆ.

ಹೂಡಿಕೆ ಎಂದ ಕೂಡಲೇ ಶುರುವಾಗುವ ರೋಗ ಇದು. ಬೆಲೆ ಉಳಿಯಬೇಕಾದರೆ ಗೀರು ಬೀಳಬಾರದು. ಗೀರು ಬೀಳಬಾರದು ಎಂದರೆ ನೀರಿಗೆ ಒಯ್ಯಬಾರದು. ನೀರಿಗೆ ಒಯ್ಯದ ಮೇಲೆ ಅದು ರೀಲೋ, ದೇವರ ಕೋಣೆಯ ಕಳಶವೋ? ಕಳಶಕ್ಕಾದರೂ ನೀರು ತುಂಬುತ್ತಾರೆ!

ಈ ಲೋಕದ ಪರಿಚಯ ಇಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಸಾಮಾನ್ಯ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಗಾಳದ ತುದಿಯಲ್ಲಿರುವುದು ಕೊಕ್ಕೆಗೆ ಸುತ್ತಿದ ಚೂರು ಗರಿ, ಚೂರು ಕೂದಲು. ಊದಿದರೆ ಹಾರಿಹೋಗುತ್ತದೆ. ಆದ್ದರಿಂದ ತೂಕವನ್ನು ದಾರದಲ್ಲೇ ಇಟ್ಟಿದ್ದಾರೆ. ಐದನೆಯ ನಂಬರಿನ ದಾರದ ಮೊದಲ 30 ಅಡಿ 140 ಗ್ರೇನ್ ತೂಗಬೇಕು ಎಂಬುದು ನಿಯಮ, ಅಂದರೆ ಸುಮಾರು 9 ಗ್ರಾಂ. ಆ 9 ಗ್ರಾಂ ಗಾಳಿಯಲ್ಲಿ ಬೆನ್ನ ಹಿಂದೆ ಪೂರ್ತಿ ಚಾಚಿಕೊಂಡ ಕ್ಷಣಕ್ಕೆ ಕೈಯನ್ನು ಮುಂದಕ್ಕೆ ತಂದು ತಟ್ಟನೆ ನಿಲ್ಲಿಸಬೇಕು. ಬಾಗಿದ ರಾಡು ನೆಟ್ಟಗಾಗುವ ರಭಸಕ್ಕೆ ದಾರ ಕುಣಿಕೆಯಾಗಿ ಬಿಚ್ಚಿಕೊಳ್ಳುತ್ತಾ ಮುಂದೆ ಹೋಗುತ್ತದೆ. ರಾಡು ಎಷ್ಟು ಬಾಗುತ್ತದೆ, ಎಲ್ಲಿಂದ ಬಾಗುತ್ತದೆ, ಎಷ್ಟು ಬೇಗ ನೆಟ್ಟಗಾಗುತ್ತದೆ ಎಂಬುದರಲ್ಲೇ ಅದರ ಗುಣವೆಲ್ಲ ಇದೆ. ಇದು ಗಾಜಿನ ಆಚೆಯಿಂದ ಕಾಣುವ ವಿಷಯವಲ್ಲ. ಅಂಗೈಗೆ ಗೊತ್ತಾಗಬೇಕು.

ಬಿದಿರಿನ ರಾಡಿನ ಮಾತು ಬಂದರಂತೂ ನನ್ನ ಹೊಟ್ಟೆ ಉರಿಯುತ್ತದೆ. ಬಿದಿರನ್ನು ಆರು ಸೀಳಾಗಿ ಸೀಳಿ, ಪ್ರತಿಯೊಂದನ್ನೂ ತ್ರಿಕೋನವಾಗಿ ಹತ್ತರಿ ಹೊಡೆದು, ತುದಿಗೆ ಹೋಗುತ್ತಾ ಇಂಚಿನ ಸಾವಿರದ ಭಾಗಗಳ ಲೆಕ್ಕದಲ್ಲಿ ಸಣ್ಣದಾಗಿಸಿ, ಆರನ್ನೂ ಅಂಟಿಸಿದರೆ ಷಟ್ಕೋನದ ಒಂದು ಕಡ್ಡಿಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದಕ್ಕೆ ಬಳಸುತ್ತಿದ್ದದ್ದು ನಮ್ಮ ದೇಶದ ಬಿದಿರು. ಕಲ್ಕತ್ತಾದಿಂದ ಹಡಗು ಹತ್ತುತ್ತಿದ್ದುದರಿಂದ ಅದಕ್ಕೆ ಕಲ್ಕತ್ತಾ ಕೇನ್ ಎಂದೇ ಹೆಸರು. ಆಮೇಲೆ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಟಾಂಕಿನ್ ಬಿದಿರು ಬಂದು ಅದನ್ನು ಮೂಲೆಗೆ ತಳ್ಳಿತು. 1950ರಲ್ಲಿ ಅಮೆರಿಕ ಚೀನಾದೊಂದಿಗಿನ ವ್ಯಾಪಾರ ನಿಲ್ಲಿಸಿದಾಗ ಟಾಂಕಿನ್ ಬಿದಿರಿಗೂ ಬರ ಬಂದು, ಫೈಬರ್‌ಗ್ಲಾಸಿನ ದಾರಿ ಸಲೀಸಾಯಿತು. 1973ರಲ್ಲಿ ಫೆನ್‌ವಿಕ್ ಕಂಪನಿ ಗ್ರಾಫೈಟ್ ರಾಡು ತಂದ ಮೇಲೆ ಬಿದಿರು ಹಟಮಾರಿಗಳ ಪಾಲಾಯಿತು. ಇಷ್ಟು ದಾಟಿ ಬಂದಿರುವ ವಸ್ತುವನ್ನು ಬಗ್ಗಿಸಬಾರದು ಎಂದರೆ ಹೇಗೆ?

ಬಳಸದಿದ್ದರೆ ಚೆನ್ನಾಗಿ ಉಳಿಯುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಯಂತ್ರಗಳ ನಡುವೆ ಬದುಕಿದವಳು ಹೇಳುತ್ತಿದ್ದೇನೆ, ತಿರುಗದ ಬೇರಿಂಗಿನಲ್ಲಿ ಗ್ರೀಸು ಗಟ್ಟಿಯಾಗಿ ಮೇಣವಾಗುತ್ತದೆ. ಗೋಡೆಗೆ ಓರೆಯಾಗಿ ಒರಗಿಸಿಟ್ಟ ಬಿದಿರಿನ ರಾಡು ಒಂದು ಕಡೆಗೆ ಡೊಂಕಾಗುತ್ತದೆ. ನಮ್ಮ ಮಳೆಗಾಲದಲ್ಲಿ ಮುಚ್ಚಿದ ಕೊಳವೆಯೊಳಗೆ ತೇವ ಹೊಕ್ಕರೆ ವಾರ್ನಿಷ್ ಉಬ್ಬುತ್ತದೆ, ಚರ್ಮದ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ. ಹಿಡಿಯ ಬಿರಟೆಗೆ (ಕಾರ್ಕಿಗೆ) ಸುತ್ತಿ ಬಂದ ಪ್ಲಾಸ್ಟಿಕ್ಕನ್ನು ಹಾಗೆಯೇ ಬಿಟ್ಟಿದ್ದಾರೆ ಇವರು, ಕಾರಿನ ಸೀಟಿನ ಕವರು ತೆಗೆಯದವರ ಹಾಗೆ. ಒಳಗೆ ಬೆವರು ನಿಂತು ಬಿರಟೆ ಕಪ್ಪಾಗುವುದು ಆ ಪ್ಲಾಸ್ಟಿಕ್ಕಿನಿಂದಲೇ. ಹೇಳಿದೆ. “ಹಾಗೇನಿಲ್ಲ ಮೇಡಂ, ಒರಿಜಿನಲ್ ಪ್ಲಾಸ್ಟಿಕ್ ಇದ್ದರೆ ಬೆಲೆ ಹೆಚ್ಚು” ಎಂದರು. ಮುಗಿಯಿತು.

ಇನ್ನೊಂದು ಗೋಡೆಯಲ್ಲಿ ಚೌಕಟ್ಟು ಹಾಕಿದ ಸಾಲ್ಮನ್ ಫ್ಲೈಗಳು. ವಿಕ್ಟೋರಿಯಾ ಕಾಲದ ವಿನ್ಯಾಸ, ನೋಡಲು ಒಡವೆ. ಇವುಗಳಲ್ಲಿ ಕಣ್ಣಿನಂತೆ ಹೊಳೆಯುವ ಚುಕ್ಕೆಯ ಗರಿ ಬರುವುದು ನಮ್ಮದೇ ಘಟ್ಟದ ಕಾಡುಕೋಳಿಯ ಕತ್ತಿನಿಂದ. ಇಲ್ಲಿ ಆ ಹಕ್ಕಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಈ ಬಗೆಯ ಫ್ಲೈ ಕಟ್ಟುವವರಲ್ಲಿ ಎಷ್ಟೋ ಮಂದಿ ಮೀನು ಹಿಡಿಯುವುದೇ ಇಲ್ಲ. ಇದೇ ಗೀಳಿನಲ್ಲಿ 2009ರಲ್ಲಿ ಲಂಡನ್ನಿನಲ್ಲಿ ಕೊಳಲು ಕಲಿಯುತ್ತಿದ್ದ ಅಮೆರಿಕದ ಹುಡುಗನೊಬ್ಬ ಟ್ರಿಂಗ್ ಊರಿನ ವಸ್ತುಸಂಗ್ರಹಾಲಯಕ್ಕೆ ನುಗ್ಗಿ 299 ಹಕ್ಕಿಗಳ ಚರ್ಮ ಕದ್ದೊಯ್ದ. ನೀರನ್ನೇ ಮುಟ್ಟದ ಫ್ಲೈಗಾಗಿ! ನಮ್ಮ ಆತಿಥೇಯರು ಅಂಥವರಲ್ಲ, ಸಭ್ಯರು, ಎಲ್ಲಕ್ಕೂ ರಸೀದಿ ಇಟ್ಟಿದ್ದಾರೆ. ರಸೀದಿಗೂ ಲ್ಯಾಮಿನೇಷನ್ ಆಗಿದೆ.

“ಅವರ ದುಡ್ಡು, ಅವರ ಇಷ್ಟ, ನಿಮಗೇನು ಕಷ್ಟ?” ಎಂದು ಕಾಮೆಂಟಿನಲ್ಲಿ ಬರೆಯಲು ನಿಮ್ಮ ಬೆರಳು ತುರಿಸುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ನನಗೆ ಕಷ್ಟವಿದೆ. ಹೀಗೆ ಕೊಂಡು ಮುಚ್ಚಿಡುವವರು ಹೆಚ್ಚಿದಷ್ಟೂ ಹಳೆಯ ರೀಲುಗಳ ಬೆಲೆ ಏರುತ್ತದೆ. ನಿಜವಾಗಿ ಹೊಳೆಗೆ ಇಳಿಯಬೇಕೆಂದಿರುವ ಹುಡುಗ ಹುಡುಗಿಯರು ತಿಂಗಳ ಸಂಬಳದಲ್ಲಿ ಅವುಗಳ ಹತ್ತಿರ ಸುಳಿಯುವಂತಿಲ್ಲ.

ಇನ್ನು, ಯಾರಾದರೂ ಹೊಸದರಂತೆ ಕಾಪಾಡದಿದ್ದರೆ ಮುಂದಿನವರಿಗೆ ನೋಡಲು ಏನು ಉಳಿಯುತ್ತದೆ ಎಂಬ ವಾದ. ಅದಕ್ಕೆ ವಸ್ತುಸಂಗ್ರಹಾಲಯಗಳಿವೆ. ಅಮೆರಿಕದ ವರ್ಮಾಂಟ್ ರಾಜ್ಯದ ಮ್ಯಾಂಚೆಸ್ಟರ್‌ನಲ್ಲಿ ಫ್ಲೈ ಗಾಳಕ್ಕೇ ಮೀಸಲಾದದ್ದು 1968ರಿಂದ ಇದೆ. ಅಲ್ಲಿ ಯಾರು ಬೇಕಾದರೂ ಹೋಗಿ ನೋಡಬಹುದು. ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿಗೆ ಹೋಗಬೇಕಾದರೆ ಗೇಟಿನಲ್ಲಿ ಒಟಿಪಿ ಕೊಡಬೇಕು.

ನನಗೆ ನಿಜವಾಗಿ ಕುದಿದದ್ದು ಆಮೇಲೆ. ಹಾಲಿನ ನಡುವೆ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಮೀನಿನ ಚಿತ್ರದ ದೊಡ್ಡ ಪ್ರತಿ ಇತ್ತು. ಕಾವೇರಿ ಕೊಳ್ಳದ ಗೂನುಬೆನ್ನಿನ ಮಹಶೀರ್ ಈಗ ಯಾವ ಸ್ಥಿತಿಯಲ್ಲಿದೆ ಗೊತ್ತೇ ಎಂದೆ. “ಇದೆಯಲ್ಲ, ಶೃಂಗೇರಿಯಲ್ಲಿ ಮಂಡಕ್ಕಿ ಹಾಕಿದ್ದೇನೆ” ಎಂದರು. ಶೃಂಗೇರಿಯ ತುಂಗೆ ಕೃಷ್ಣೆಗೆ ಸೇರುವ ನೀರು. ಗೂನುಬೆನ್ನಿನದು ಕಾವೇರಿ ಕೊಳ್ಳವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದು ಟಾರ್ ರೆಮದೇವಿ ಎಂಬ ಪ್ರಭೇದವೆಂದು ವಿಜ್ಞಾನಿಗಳು ಖಚಿತಪಡಿಸಿದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಕಾವೇರಿ ದಡದ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಗಾಳದ ಶಿಬಿರಗಳು ನಿಂತು ವರ್ಷಗಳೇ ಆದವು. ಮೀನನ್ನು ಹಿಡಿದು ಮತ್ತೆ ನೀರಿಗೆ ಬಿಡುವವರ ಕಣ್ಣು ದಡದಲ್ಲಿದ್ದಾಗ ಡೈನಮೈಟ್ ಸಿಡಿಸಿ ಮೀನು ಕೊಲ್ಲುವವರು ಅಂಜುತ್ತಿದ್ದರು ಎಂಬ ವಾದವಿದೆ, ಅಭಯಾರಣ್ಯದಲ್ಲಿ ಗಾಳವೇ ಬೇಡ ಎಂಬ ವಾದವೂ ಇದೆ. ನಾನು ಮೊದಲನೆಯದರ ಕಡೆ ವಾಲುತ್ತೇನೆ, ಜಗಳ ಇನ್ನೊಂದು ದಿನ ಆಡೋಣ. ನೀರಿಗೆ ಇಳಿಯುವವನಿಗೆ ಇವೆಲ್ಲ ತಾನಾಗಿ ತಿಳಿಯುತ್ತವೆ, ಏಕೆಂದರೆ ಮೀನಿಲ್ಲದಿದ್ದರೆ ಅವನ ರಾಡು ಬರಿಯ ಕಡ್ಡಿ. ಗಾಜಿನ ಕಪಾಟಿನವರಿಗೆ ನದಿ ಬತ್ತಿದರೂ ಬೆಲೆ ಬತ್ತುವುದಿಲ್ಲ.

ನಮ್ಮ ಸಸ್ಯಾಹಾರಿ ಬಂಧುಬಳಗ ನನಗೆ ಕೇಳುವ ಪ್ರಶ್ನೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: “ತಿನ್ನುವುದಿಲ್ಲ, ಮತ್ತೆ ಏಕೆ ಹಿಡಿಯುತ್ತೀಯ?” ಕೊಕ್ಕೆಯ ಮುಳ್ಳು ಚಪ್ಪಟೆ ಮಾಡಿ ಹಿಡಿದು ಬಿಡುತ್ತೇನೆ ಎಂದು ಹೇಳಿದರೂ ಅವರ ಮುಖದ ಗಂಟು ಸಡಿಲವಾಗುವುದಿಲ್ಲ. ಅವರನ್ನು ಒಪ್ಪಿಸುವ ಉತ್ತರ ನನ್ನಲ್ಲಿಲ್ಲ. ಕೆಲವು ರಾತ್ರಿ ನನ್ನನ್ನೇ ಒಪ್ಪಿಸುವಂಥದ್ದೂ ಇರುವುದಿಲ್ಲ.

ನನ್ನ ಸಾಮಾನುಗಳ ಮಾರುಕಟ್ಟೆ ಬೆಲೆಯನ್ನು ನಾನು ವರ್ಷವರ್ಷವೂ ಶ್ರದ್ಧೆಯಿಂದ ಇಳಿಸುತ್ತಿದ್ದೇನೆ. ಬೆಳಗಿನ ಹೊತ್ತು ಜಯನಗರದ ಮೈದಾನದಲ್ಲಿ ಫ್ಲೈ ಬದಲಿಗೆ ಉಲ್ಲನ್ನಿನ ಚೂರು ಕಟ್ಟಿ ಬೀಸುವುದನ್ನು ಅಭ್ಯಾಸ ಮಾಡುತ್ತೇನೆ. “ಇಲ್ಲಿ ಮೀನು ಎಲ್ಲಿದೆಯಮ್ಮಾ?” ಎಂದು ವಾಕಿಂಗ್ ಬಳಗದ ಹಿರಿಯರು ಇವತ್ತಿಗೂ ಕೇಳುತ್ತಾರೆ. ಆ ಹುಲ್ಲಿನ ಮರಳಿನಿಂದ ರೀಲಿಗೆ ಬಿದ್ದ ಗೀರುಗಳಿವೆ. ಕೊಡಗಿನ ವಾಲ್ನೂರಿನಲ್ಲಿ ಬಂಡೆಗೆ ತಗುಲಿ ಅಂಚು ನೆಗ್ಗಿದ್ದು ಬೇರೆ. ಹಿಮಾಚಲದ ತೀರ್ಥನ್ ನದಿಯಲ್ಲಿ ಕಾಲು ಜಾರಿ ರಾಡಿನ ಮೇಲೆಯೇ ಕುಳಿತ ಪ್ರಸಂಗವನ್ನು ಕೆಲವರು ನೋಡಿದ್ದೀರಿ, ವಿಡಿಯೊ ಅಳಿಸಿ ಎಂದು ಬೇಡಿದರೂ ಅಳಿಸಿಲ್ಲ. ದೊಡ್ಡಬಳ್ಳಾಪುರದ ಕಡೆಯ ತೋಟವೊಂದರ ಹೊಂಡದಲ್ಲಿ, ಟ್ರೌಟ್ ಮೀನಿಗೆಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಬಿದಿರಿನ ರಾಡಿನಿಂದ ಜಿಲೇಬಿ ಮೀನು ಹಿಡಿದಿದ್ದೇನೆ. ಅಂಗೈ ಅಗಲದ ಜಿಲೇಬಿ ಆ ರಾಡನ್ನು ಹಿಡಿಯವರೆಗೂ ಬಗ್ಗಿಸಿತು. ಹರಾಜಿನವರು ಇದನ್ನೆಲ್ಲ ಓದಿದರೆ ನನ್ನ ಸಂಗ್ರಹಕ್ಕೆ ಗುಜರಿಯ ದರ ಕಟ್ಟುತ್ತಾರೆ, ಕಟ್ಟಲಿ.

ಕೊನೆಗೆ ಒಂದು ಕೆಲಸದ ವಿಷಯ. ನನ್ನ ಹಳೆಯ ರೀಲಿನ ಆ ಪುಟ್ಟ ನಾಲಿಗೆ ಸವೆದಿದೆ, ಹೊಸದು ಮಾಡಿಸಬೇಕು. ನಕ್ಷೆ ನಾನೇ ಬರೆದಿದ್ದೇನೆ, ಅಳತೆಯೂ ಇದೆ. ಪೀಣ್ಯದಲ್ಲಿ ಒಂದೆರಡು ತುಣುಕಿನ ಕೆಲಸಕ್ಕೂ ಬೇಸರಿಸದ ವರ್ಕ್‌ಶಾಪ್ ಗೊತ್ತಿದ್ದವರು ದಯವಿಟ್ಟು ಇನ್‌ಬಾಕ್ಸಿಗೆ ಬನ್ನಿ. ನೂರು ತುಣುಕಿಗಿಂತ ಕಡಿಮೆ ಮಾಡುವುದಿಲ್ಲ ಎನ್ನುವವರ ವಿಳಾಸ ಬೇಡ, ಅಂಥವರು ನನಗೆ ಈಗಾಗಲೇ ಬೇಕಾದಷ್ಟು ಗೊತ್ತು.